ಉಪ್ಪಿನ ಋಣ

ಪ್ರವಾಸದಿಂದ ಹಿಂದಿರುಗಿದವರನ್ನು ನಮ್ಮ ಸೂಳಗಿರಿಯ ಜನ ಎರಡು ಪ್ರಶ್ನೆಗಳಿಂದ ಬರಮಾಡಿಕೊಳ್ಳುತ್ತಾರೆ: ಏನು ನೋಡಿದಿರಿ? ಏನು ಉಂಡಿರಿ? ಕಾಶಿಗೆ ಹೋಗಿ ಬಂದವರಿಗೂ ಇವು ತಪ್ಪಿದ್ದಲ್ಲ. ಕಳೆದ ಬೇಸಗೆಯ ರಜೆಯಲ್ಲಿ ಪೋಲೆಂಡ್ ದೇಶಕ್ಕೆ ಹೋಗಿ ಬಂದ ನಮಗೂ ಇವೇ ಪ್ರಶ್ನೆಗಳು ಕಾದಿದ್ದವು. ನಮ್ಮ ತಮ್ಮನಿಗೆ ಆ ದೇಶದ ಕ್ರಾಕೋವ್ ಪಟ್ಟಣದಲ್ಲಿ ಕಂಪ್ಯೂಟರ್ ಕೆಲಸ. ಅವನು ಟಿಕೇಟು ಕಳುಹಿಸಿದ್ದರಿಂದ ಹೋದೆವೇ ಹೊರತು, ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ವಿಮಾನವೇರುವ ಯೋಗ ಎಲ್ಲಿಂದ ಬರಬೇಕು! ಅಲ್ಲಿ ಒಂದು ಇಡೀ ದಿನವನ್ನು ನಾವು ನೆಲದ ಕೆಳಗೆ ಕಳೆದೆವು. ನೆಲದ ಕೆಳಗೆಯೇ ಇರುವ ಹೋಟಲಿನಲ್ಲಿ ಕುಳಿತು ಉಂಡೆವು. ಇದನ್ನು ಕೇಳಿದವರೆಲ್ಲರೂ ಬೆರಗುಪಟ್ಟು, ಪ್ರವಾಸಕಥನವೊಂದನ್ನು ಬರೆದುಕೊಡಬೇಕೆಂದರು. ಬರೆಯಲು ಕುಳಿತರೆ ಕಥನ ಮುಂದೆ ಸಾಗಲಿಲ್ಲ. ಅದರ ನಡುವೆ ಒಂದು ಸಂದೇಹ ಅಡ್ಡವಾಗಿ ಕುಳಿತುಬಿಟ್ಟಿತು. ಪರರು ಬೆವರು ಸುರಿಸಿದ, ಕೆಲವೊಮ್ಮೆ ಪ್ರಾಣವನ್ನೇ ತೆತ್ತ ಸ್ಥಳವನ್ನು ನಾವು ವಿನೋದಕ್ಕಾಗಿ ನೋಡುವುದು, ಅಲ್ಲಿಯೇ ಕುಳಿತು ರುಚಿಯಾಗಿ ಉಣ್ಣುವುದು ಧರ್ಮವೆ? ಕಥನವನ್ನು ಬದಿಗಿಟ್ಟು ಈ ಸಂದೇಹವನ್ನೇ ವಾಚಕರ ಮುಂದಿಡುತ್ತಿದ್ದೇವೆ.

ಕ್ರಾಕೋವಿಗೆ ಸಮೀಪದಲ್ಲಿ, ರೈಲಿನಲ್ಲಿ ಅರ್ಧ ಗಂಟೆಯೊಳಗೆ ತಲಪುವಷ್ಟು ದೂರದಲ್ಲಿ, ವಿಯೆಲಿಚ್ಕ ಎಂಬ ಊರಿದೆ. ಅಲ್ಲಿರುವುದು ಉಪ್ಪಿನ ಗಣಿ. ಉಪ್ಪೆಂದರೆ ಸಮುದ್ರದ ನೀರನ್ನು ಪಾತಿಗಳಲ್ಲಿ ನಿಲ್ಲಿಸಿ ಒಣಗಿಸಿದ್ದು, ತೂತ್ತುಕುಡಿಯ ಕಡೆಯಿಂದ ಬರುವುದು ಎಂದು ನಮ್ಮ ಮಕ್ಕಳು ಪಾಠ ಓದಿದ್ದಾರೆ. ವಿಯೆಲಿಚ್ಕದ ಉಪ್ಪೂ ಸಮುದ್ರದ್ದೇ. ಆದರೆ ಆ ಸಮುದ್ರ ಬತ್ತಿ ಕೋಟಿಗೂ ಮಿಗಿಲಾದ ವರ್ಷಗಳಾದವು. ಅದರ ಉಪ್ಪು ಮಣ್ಣಿನಡಿ ಸಿಲುಕಿ ಬಂಡೆಯಾಗಿದೆ. ಬಣ್ಣ ಬೂದು, ನೋಟಕ್ಕೆ ನಮ್ಮ ಕೃಷ್ಣಗಿರಿಯ ಕಗ್ಗಲ್ಲಿನಂತೆಯೇ ಇದೆ. ಹದಿಮೂರನೆಯ ಶತಮಾನದಿಂದ ೧೯೯೬ರ ವರೆಗೆ ಜನರು ಇದನ್ನು ಕಡಿದು ಮೇಲಕ್ಕೆ ಸಾಗಿಸಿದರು. ಹದಿನಾಲ್ಕನೆಯ ಶತಮಾನದಲ್ಲಿ ಪೋಲೆಂಡಿನ ರಾಜಭಂಡಾರಕ್ಕೆ ಬರುತ್ತಿದ್ದ ಆದಾಯದಲ್ಲಿ ಮೂರನೆಯ ಒಂದು ಪಾಲು ಉಪ್ಪಿನಿಂದಲೇ ಬರುತ್ತಿದ್ದಿತಂತೆ. ಗಣಿಯ ಅತ್ಯಂತ ಆಳವಾದ ತಾಣ ೩೨೭ ಮೀಟರ್. ೧೯೭೮ರಲ್ಲಿ ಯುನೆಸ್ಕೋ ಸಂಸ್ಥೆ ವಿಶ್ವಪರಂಪರೆಯ ತಾಣಗಳ ಮೊದಲ ಪಟ್ಟಿಯನ್ನು ಸಿದ್ಧಪಡಿಸಿದಾಗ ಅದರಲ್ಲಿದ್ದ ಹನ್ನೆರಡು ಸ್ಥಳಗಳಲ್ಲಿ ಇದೂ ಒಂದು.

ಒಳಕ್ಕೆ ಹೋಗುವುದು ಮರದ ಮೆಟ್ಟಿಲುಗಳಿಂದ. ಆರಂಭದಲ್ಲಿಯೇ ಮುನ್ನೂರೆಂಬತ್ತು ಮೆಟ್ಟಿಲು ಇಳಿಯಬೇಕು. ಚಾಮುಂಡಿಬೆಟ್ಟವನ್ನು ಹತ್ತಿದವರು ನಾವು. ಆದರೆ ಮೊದಲು ಇಳಿದು ಆಮೇಲೆ ನೋಡಬೇಕಾದ ಬೆಟ್ಟ ಇದೇ ಮೊದಲನೆಯದು. ಮಾರ್ಗದರ್ಶಿಯ ಸಂಗಡವಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ. ನಮ್ಮ ಗುಂಪಿಗೆ ಸಿಕ್ಕಿದ ಹೆಂಗಸು ಒಂದೆಡೆ ನಿಂತು, ಗೋಡೆಯನ್ನು ನಾಲಗೆಯಿಂದ ಮುಟ್ಟಿ ನೋಡಬಹುದೆಂದಳು. ಎಲ್ಲರೂ ಮಕ್ಕಳಂತೆ ನಕ್ಕು ಗೋಡೆಯನ್ನು ನೆಕ್ಕಿದರು. ಮಡಿವಂತರಾದ ನಾವು ಮಾತ್ರ ಬೆರಳಿನಿಂದ ತೀಡಿ ಬಾಯಿಗಿಟ್ಟುಕೊಂಡೆವು. ಉಪ್ಪೇ, ಸಂದೇಹವಿಲ್ಲ.

ಒಳಗೆ ಕಂಡದ್ದನ್ನೆಲ್ಲ ಬರೆಯಲು ಇಲ್ಲಿ ಸ್ಥಳವಿಲ್ಲ. ಆದರೆ ಎರಡನ್ನು ಬಿಡುವಂತಿಲ್ಲ. ಮೊದಲನೆಯದು, ಒಂದು ಕೋಣೆಯಲ್ಲಿ ತೆವಳುತ್ತಿರುವ ಆಳುಗಳ ಪ್ರತಿಮೆಗಳು. ಗಣಿಯ ಮಾಡಿನಡಿಯಲ್ಲಿ ಮೀಥೇನ್ ಅನಿಲ ಕೂಡಿಕೊಳ್ಳುತ್ತಿದ್ದಿತು. ಅದು ಹೆಚ್ಚಿದರೆ ಒಂದು ಕಿಡಿಗೆ ಗಣಿಯೇ ಸಿಡಿದೀತು. ಆದಕಾರಣ ಕೆಲವರು ಒದ್ದೆ ಬಟ್ಟೆ ಹೊದ್ದು, ನೆಲಕ್ಕೆ ಅಂಟಿಕೊಂಡು ತೆವಳಿ, ಉದ್ದನೆಯ ಕೋಲಿನ ತುದಿಯ ಪಂಜಿನಿಂದ ಆ ಅನಿಲವನ್ನು ಮೊದಲೇ ಸುಟ್ಟುಬಿಡಬೇಕಾಗಿತ್ತು. ಅವರು ತೆವಳುವ ಭಂಗಿಯನ್ನು ಕಂಡು ಅವರಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳುವವರು ಎಂದೇ ಹೆಸರಾಯಿತು. ಯಾರು ಮಾಡಿದ ಯಾವ ಪಾಪಕ್ಕೆ ಈ ಪ್ರಾಯಶ್ಚಿತ್ತವೋ!

ಎರಡನೆಯದು, ನೆಲದಿಂದ ನೂರೊಂದು ಮೀಟರ್ ಕೆಳಗಿರುವ ಸಂತ ಕಿಂಗಾಳ ದೇವಾಲಯ. ಐವತ್ತನಾಲ್ಕು ಮೀಟರ್ ಉದ್ದದ ಆ ಸಭಾಂಗಣದಲ್ಲಿ ನೆಲ, ಗೋಡೆ, ಬಲಿಪೀಠ ಎಲ್ಲವೂ ಉಪ್ಪಿನವು. ತೂಗುದೀಪಗಳ ಹರಳುಗಳೂ ಉಪ್ಪಿನವೇ. ೧೮೯೬ರಲ್ಲಿ ಆರಂಭವಾದ ಈ ಕೆಲಸ ಸುಮಾರು ಎಪ್ಪತ್ತು ವರ್ಷ ನಡೆಯಿತು. ಮಾಡಿದವರು ಶಿಲ್ಪಶಾಲೆಯಿಂದ ಬಂದವರಲ್ಲ, ಗಣಿಯ ಕೆಲಸಗಾರರು: ಮಾರ್ಕೋವ್‌ಸ್ಕಿ ಸೋದರರಿಬ್ಬರು, ಅವರ ಬಳಿಕ ಅಂತೋನಿ ವಿರೋದೆಕ್. ಏಸುಕ್ರಿಸ್ತನು ಶಿಷ್ಯರೊಡನೆ ಮಾಡಿದ ಕೊನೆಯ ಭೋಜನದ ದೃಶ್ಯವನ್ನು ವಿರೋದೆಕ್ ಅಲ್ಲಿಯ ಗೋಡೆಯಲ್ಲಿ ಕಡೆದಿದ್ದಾನೆ. ಹಗಲೆಲ್ಲ ಭೂಗರ್ಭದಲ್ಲಿ ದುಡಿದು ಬುತ್ತಿ ಉಣ್ಣುತ್ತಿದ್ದ ಜನರಲ್ಲೊಬ್ಬನು ಅಲ್ಲಿಯೇ ಒಂದು ಪಂಕ್ತಿಯ ಊಟವನ್ನು ಕೆತ್ತಲು ಹೊರಟದ್ದನ್ನು ನೆನೆದು ನಾವು ಅದರ ಮುಂದೆ ಬಹಳ ಹೊತ್ತು ನಿಂತೆವು.

ನಮ್ಮ ಊಟದ ಮಾತು ಇನ್ನು. ನೂರಿಪ್ಪತ್ತೈದು ಮೀಟರ್ ಆಳದಲ್ಲಿ ಹೋಟಲೊಂದಿದೆ. ಮೇಜು, ಬೆಂಚು, ವಿದ್ಯುದ್ದೀಪ, ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ನಾನಾ ದೇಶದ ಜನ. ಬೀಟ್‌ರೂಟಿನ ಕೆಂಪು ಸಾರು, ಆಲೂಗಡ್ಡೆಯ ಹೂರಣ ತುಂಬಿ ಬೇಯಿಸಿದ ಕಡುಬು; ಕಡುಬು ನಮ್ಮ ಕಡೆಯ ಕರ್ಜಿಕಾಯಿಯ ಆಕಾರದ್ದು. ತಮ್ಮ, “ಉಪ್ಪು ಬೇಕಾದ್ರೆ ಗೋಡೆ ಕೆರ್ಕೊ ಅಣ್ಣ” ಎಂದು ಹಾಸ್ಯ ಮಾಡಿದ. ನಕ್ಕೆವು. ಊಟ ರುಚಿಯಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಎರಡನೆಯ ಕಡುಬನ್ನು ಮುರಿಯುವಾಗ ನಮ್ಮ ತಾತನ ನೆನಪು ಬಂತು.

ನಮ್ಮ ತಾತ ಕೋಲಾರದ ಚಿನ್ನದ ಗಣಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದವರು. ಅಂದಿನ ಸೇಲಂ, ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಿಂದ ಹೊಟ್ಟೆಪಾಡಿಗಾಗಿ ಅಲ್ಲಿಗೆ ಹೋದ ಅಸಂಖ್ಯ ಜನರಲ್ಲಿ ಅವರೂ ಒಬ್ಬರು. ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಅವರದೊಂದು ವಿಚಿತ್ರವಾದ ನಿಯಮವಿತ್ತು. ಮನೆಯೊಳಗೆ ಅವರು ಎಂದೂ ಉಣ್ಣಲಿಲ್ಲ. ಮುದ್ದೆಯ ತಟ್ಟೆಯನ್ನು ಎತ್ತಿಕೊಂಡು ಜಗುಲಿಗೆ ಬರುವರು. ಮಳೆ ಬಂದರೆ ಬಾಗಿಲ ಹೊಸ್ತಿಲಲ್ಲಿ ಬೆಳಕಿಗೆ ಮುಖವಿಟ್ಟು ಕೂಡುವರು. ರಾತ್ರಿಯ ಊಟವನ್ನು ಸೂರ್ಯ ಮುಳುಗುವುದರೊಳಗೆ ಮುಗಿಸುವರು. ನಾವು ಮಕ್ಕಳು ಇದೇನು ತಾತ ಎಂದು ಕೇಳಿದಾಗ ಒಮ್ಮೆ ಹೇಳಿದ್ದರು: “ಹೊಟ್ಟೆ ಒಳ್ಗೆ ಕತ್ಲೆ ಇದ್ದೇ ಐತೆ ಮಗ, ತಟ್ಟೆ ಮ್ಯಾಲಾದ್ರೂ ಬೆಳ್ಕಿರ್ಲಿ.” ನಾವು ಅದನ್ನು ಮುದುಕರ ಹಟವೆಂದು ಎಣಿಸಿ ನಗುತ್ತಿದ್ದೆವು. ಅವರ ಮೊಮ್ಮಗ ದುಡ್ಡು ಕೊಟ್ಟು, ಸಾಲಿನಲ್ಲಿ ನಿಂತು, ನೆಲದಡಿಯ ಊಟವನ್ನು ಒಂದು ವಿಶೇಷವೆಂದು ಸವಿಯುತ್ತಿದ್ದಾನೆಂಬುದು ತಿಳಿದರೆ ತಾತ ಏನೆನ್ನುತ್ತಿದ್ದರೊ!

ಕೋಲಾರದ ಗಣಿಯ ವೃತ್ತಾಂತ ಇಲ್ಲಿ ಸ್ವಲ್ಪ ಬೇಕು. ವಿಯೆಲಿಚ್ಕವನ್ನು ಕಾಣುವ ಮುನ್ನ ನಾವೂ ಅದನ್ನು ಇಷ್ಟು ಆಸ್ಥೆಯಿಂದ ಓದಿರಲಿಲ್ಲ. ೧೮೦೨ರಲ್ಲಿ ಮೈಸೂರಿನ ಮೂಡಣ ಗಡಿಯನ್ನು ಅಳೆಯುತ್ತಿದ್ದ ಜಾನ್ ವಾರನ್ ಎಂಬ ಇಂಗ್ಲಿಷ್ ಸೇನಾಧಿಕಾರಿ, ಮಾರಿಕುಪ್ಪಂ ಮೊದಲಾದ ಹಳ್ಳಿಗಳ ಜನ ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುವುದನ್ನು ಕಂಡು ಬರೆದಿಟ್ಟ. ೧೮೮೦ರ ಸುಮಾರಿಗೆ ಜಾನ್ ಟೇಲರ್ ಮತ್ತು ಸನ್ಸ್ ಕಂಪನಿ ಅಲ್ಲಿಗೆ ಬಂತು. ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತು ಸುಮಾರು ನೂರೈವತ್ತು ಕಿಲೋಮೀಟರ್ ತಂತಿಯ ಮೇಲೆ ಹರಿದು ಗಣಿಗೆ ತಲಪಿತು. ಬೆಂಗಳೂರಿನ ಬೀದಿಗಳಲ್ಲಿ ಇನ್ನೂ ವಿದ್ಯುದ್ದೀಪವಿಲ್ಲದ ಕಾಲವದು. ಚಾಂಪಿಯನ್ ರೀಫ್ ಗಣಿ ಕೊನೆಗೆ ಸುಮಾರು ೩೨೦೦ ಮೀಟರ್ ಆಳಕ್ಕೆ ಇಳಿಯಿತು. ಸಮುದ್ರಮಟ್ಟದಿಂದ ೧೪೭೮ ಮೀಟರ್ ಎತ್ತರದ ನಂದಿಬೆಟ್ಟದಂಥ ಎರಡನ್ನು ಒಂದರ ಮೇಲೊಂದಿಟ್ಟು ತಲೆಕೆಳಗು ಮಾಡಿ ಇಳಿಸಿದರೂ ಅದರ ತಳ ಮುಟ್ಟದು. ಆ ಆಳದಲ್ಲಿ ಬಂಡೆಯ ಕಾವು ಅರವತ್ತು ಡಿಗ್ರಿಯನ್ನು ಮೀರುತ್ತಿತ್ತು. ಮೇಲಿನ ಭಾರ ತಾಳಲಾರದೆ ಬಂಡೆ ಹಠಾತ್ತಾಗಿ ಸಿಡಿಯುವುದೂ ಉಂಟು, ಅದರಲ್ಲಿ ಸತ್ತವರುಂಟು. ಸಿಡಿತದಿಂದ ಪಾರಾದವರ ಶ್ವಾಸಕೋಶವನ್ನು ಕಲ್ಲಿನ ಧೂಳು ಹಿಡಿಯುತ್ತಿತ್ತು. ನೂರಿಪ್ಪತ್ತು ವರ್ಷಗಳಲ್ಲಿ ಎಂಟು ನೂರು ಟನ್ನುಗಳಷ್ಟು ಚಿನ್ನ ಹೊರಬಂದಿತು. ತೆಗೆದ ಕೆಲಸಗಾರನ ಪಾಲಿಗೆ ಅದು ಬರಿಯ ಕಲ್ಲು. ಚಿನ್ನದ ಹೊಳಪು ಕಾಣುವುದು ಗಿರಣಿಯ ಅರೆತ, ಪಾದರಸ, ಸೈನೈಡುಗಳ ಬಳಿಕ. ೧೯೩೦ರಲ್ಲಿ ಕೆಲಸಗಾರರ ಬೆರಳಚ್ಚು ತೆಗೆದುಕೊಳ್ಳುವ ಕ್ರಮ ಬಂದಾಗ ಅವರು ಮುಷ್ಕರ ಹೂಡಿದರೆಂದು ಇತಿಹಾಸದಲ್ಲಿದೆ. ಕಳ್ಳರಂತೆ ಎಣಿಸಲ್ಪಡುವುದನ್ನು ಅವರು ಸಹಿಸಲಿಲ್ಲ. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ನೀರೆತ್ತುವುದು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಮೇಲೆ ಉಳಿದಿರುವುವು ಅರೆದು ಬಿಸುಟ ಪುಡಿಯ ದಿಬ್ಬಗಳು. ಜನ ಅವನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಸಿನೆಮಾದವರು ಅಲ್ಲಿ ಹಾಡು, ಹೊಡೆದಾಟಗಳ ಚಿತ್ರ ತೆಗೆದದ್ದುಂಟು.

ಇನ್ನೊಂದು ಸಂಗತಿ. ಅದೇ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಕೆಳಗೆ ೧೯೬೫ರಲ್ಲಿ ವಿಜ್ಞಾನಿಗಳು, ವಾಯುಮಂಡಲದಲ್ಲಿ ಹುಟ್ಟಿ ಭೂಮಿಯನ್ನು ತೂರಿ ಬರುವ ನ್ಯೂಟ್ರಿನೋ ಎಂಬ ಕಣದ ಸುಳಿವನ್ನು ಹಿಡಿದರು. ಪ್ರಪಂಚದ ವಿಜ್ಞಾನಗ್ರಂಥಗಳಲ್ಲಿ ಅದಕ್ಕೆ ಸ್ಥಾನವಿದೆ, ಇರಬೇಕಾದದ್ದೇ. ಆ ಉಪಕರಣಗಳನ್ನು ಪಂಜರದಲ್ಲಿಟ್ಟು ಕೆಳಗಿಳಿಸಿದ ಕೈಗಳ ಹೆಸರು ಮಾತ್ರ ನಮಗೆ ಯಾವ ಪುಸ್ತಕದಲ್ಲಿಯೂ ಕಾಣಿಸಲಿಲ್ಲ.

ಊರಿಗೆ ಬಂದ ಮೇಲೆ ಐದನೆಯ ತರಗತಿಯಲ್ಲಿ ಉಪ್ಪಿನ ಗಣಿಯ ಚಿತ್ರಗಳನ್ನು ತೋರಿಸಿದೆವು. ಉಪ್ಪಿನ ದೇವಾಲಯ, ಉಪ್ಪಿನ ದೀಪ, ನೆಲದಡಿಯ ಹೋಟಲು. ಹುಡುಗರೆಲ್ಲ ಎಷ್ಟು ಆಳ, ಭಯವಾಗಲಿಲ್ಲವೆ, ಹಾವಿರಲಿಲ್ಲವೆ ಎಂದು ಕೇಳಿದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸಾರ್, ಅಲ್ಲಿ ಕೆಲ್ಸ ಮಾಡ್ತಿದ್ದೋರು ಎಲ್ಲಿ ಕೂತ್ಕೊಂಡು ಉಣ್ತಿದ್ರು?” ಅವಳ ತಂದೆ ಕಲ್ಲಿನ ಕ್ವಾರಿಯಲ್ಲಿ ಕೆಲಸಕ್ಕೆ ಹೋಗುವವರು. ಮಧ್ಯಾಹ್ನದ ಬುತ್ತಿಯನ್ನು ಅವಳೇ ಎಷ್ಟೋ ಸಲ ಒಯ್ದುಕೊಟ್ಟಿದ್ದಾಳೆ. ನಮಗೆ ಉತ್ತರ ತಿಳಿದಿರಲಿಲ್ಲ. ಮೂರು ಗಂಟೆಯ ಕಾಲ ಮಾರ್ಗದರ್ಶಿಯ ಹಿಂದೆ ತಿರುಗಿ, ರಾಜರ ಹೆಸರು, ರಾಜಕುಮಾರಿಯ ಕತೆ, ಮೆಟ್ಟಿಲುಗಳ ಲೆಕ್ಕ ಎಲ್ಲವನ್ನೂ ಪುಸ್ತಕದಲ್ಲಿ ಗುರುತು ಮಾಡಿಕೊಂಡಿದ್ದೆವು; ಇದನ್ನು ಕೇಳಬೇಕೆಂದು ತೋಚಿರಲೇ ಇಲ್ಲ. ಅಲ್ಲಿಗೇಕೆ ಹೋಗೋಣ, ತಾತನನ್ನಾದರೂ ಕೇಳಿದ್ದೆವೆ? ಬೆಳಕಿನಲ್ಲಿ ಏಕೆ ಉಣ್ಣುತ್ತೀಯೆಂದು ಕೇಳಿದೆವು. ಕತ್ತಲಿನಲ್ಲಿ ಹೇಗೆ ಉಣ್ಣುತ್ತಿದ್ದೆಯೆಂದು ಕೇಳಲಿಲ್ಲ.

ಈ ಸಂದೇಹವನ್ನು ಸಹೋದ್ಯೋಗಿಗಳಲ್ಲಿ ಚರ್ಚಿಸಿದಾಗ ಒಬ್ಬರು ನಕ್ಕು ಹೇಳಿದರು: ಟಿಕೇಟಿಗೆ ಹಣ ತೆತ್ತಿದ್ದೀರಿ, ಊಟಕ್ಕೂ ತೆತ್ತಿದ್ದೀರಿ, ಆ ಹಣದಿಂದ ಇಂದು ಅಲ್ಲಿ ನೂರಾರು ಸಂಸಾರಗಳು ಬದುಕುತ್ತಿವೆ, ಋಣವೆಲ್ಲಿ ಬಂತು? ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಗಣಿ ಬರಿದಾದ ಮೇಲೂ ವಿಯೆಲಿಚ್ಕ ಊರು ಉಳಿದಿರುವುದು ನೋಡಬರುವವರ ದುಡ್ಡಿನಿಂದಲೇ. ಕೋಲಾರದ ಗಣಿ ಮುಚ್ಚಿದಾಗ ಅಂಥ ಆಸರೆಯಿಲ್ಲದ್ದರಿಂದ ಅಲ್ಲಿಯವರು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗಬೇಕಾಯಿತು. ಆದರೂ ನಾವು ತೆತ್ತ ಹಣ ಇಂದಿನ ಮಾರ್ಗದರ್ಶಿಗೆ, ಇಂದಿನ ಅಡುಗೆಯವನಿಗೆ ಸಂದಿತು. ಪಂಜು ಹಿಡಿದು ತೆವಳಿದವನಿಗೆ ಸಲ್ಲಲಿಲ್ಲ. ಸತ್ತವನಿಗೆ ಸಲ್ಲಿಸುವುದೆಂತು, ಸಲ್ಲಿಸಲಾಗದ್ದು ಋಣ ಹೇಗಾದೀತು ಎಂದು ಅವರು ಮತ್ತೆ ಕೇಳಿದರು. ನಮ್ಮ ಹಿರಿಯರು ಇದಕ್ಕೆ ಮೊದಲೇ ಉತ್ತರ ಯೋಚಿಸಿದಂತೆ ತೋರುತ್ತದೆ. ದೇವಋಣ, ಋಷಿಋಣ, ಪಿತೃಋಣ ಎಂದು ಅವರು ಎಣಿಸಿದ ಮೂರೂ ಕೊಟ್ಟವರಿಗೇ ನೇರವಾಗಿ ಹಿಂದಿರುಗಿಸಲಾಗದ ಋಣಗಳು. ಋಷಿಯ ಋಣ ತೀರುವುದು ಓದುವುದರಿಂದ, ಓದಿಸುವುದರಿಂದ. ಅಂದರೆ ಬೇರೊಬ್ಬನಿಗೆ ಕೊಡುವುದರಿಂದ. ಆ ಎಣಿಕೆಯಲ್ಲಿ ಕಲ್ಲು ಕಡಿದವನ ಋಣಕ್ಕೆ ಹೆಸರಿಲ್ಲ. ಕಾಯಕಕ್ಕೆ ಗೌರವ ತಂದುಕೊಟ್ಟ ಹನ್ನೆರಡನೆಯ ಶತಮಾನದ ಶರಣರು ಕಾಯಕದೊಡನೆ ದಾಸೋಹವನ್ನೂ ಕಟ್ಟಿದಾಗ ಇದನ್ನು ಲೆಕ್ಕಕ್ಕೆ ಹಿಡಿದರೆಂದು ನಮ್ಮ ಭಾವನೆ.

ಮನೆಯಲ್ಲಿ ಬೇರೆಯೇ ತೀರ್ಪು ಬಂತು. ನಮ್ಮ ತಾಯಿ, “ನಾಲ್ಕು ಜನ ಸತ್ತಿರೋ ಕಡೆ ಉಣ್ಬಾರ್ದಪ್ಪ” ಎಂದುಬಿಟ್ಟರು. ಹಾಗಾದರೆ ಉಣ್ಣಲು ತಕ್ಕ ಸ್ಥಳ ಯಾವುದು? ನಾವು ಕುಳಿತಿದ್ದ ಜಗುಲಿಯ ಚಪ್ಪಡಿಯೂ ಒಬ್ಬನ ಕೈಯನ್ನು ಜಜ್ಜಿಯೇ ಬಂದಿರಬಹುದು. ತಾಯಿಯ ಕೊರಳಿನ ಮಾಂಗಲ್ಯದ ಚಿನ್ನ ಯಾವ ಆಳದಿಂದ ಬಂದದ್ದೆಂದು ಕೇಳಿದವರಾರು? ಹೋಗದಿರುವುದು, ನೋಡದಿರುವುದು ಪಾಪಭೀತಿಯ ಲಕ್ಷಣವಾದರೂ ಆಗಬಹುದು, ಬರಿಯ ಅಲಕ್ಷ್ಯವಾದರೂ ಆಗಬಹುದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ. ಪರದೇಶದ ಗಣಿಯನ್ನು ನಾವು ವಿಮಾನವೇರಿ ಹೋಗಿ ನೋಡಿದೆವು. ಬೇರಿಕೆ ದಾಟಿ ಮಾಲೂರಿನ ಮೇಲೆ ಬೆಳಗಿನೊಳಗೆ ತಲಪಬಹುದಾದ ಕೋಲಾರದ ಗಣಿಯನ್ನು, ತಾತ ದುಡಿದ ಊರನ್ನು, ಈ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಒಮ್ಮೆಯೂ ನೋಡಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇವೆ.

ಆದುದರಿಂದ ದೋಷ ನೋಟದಲ್ಲಿಲ್ಲ, ಊಟದಲ್ಲಿಯೂ ಇಲ್ಲ ಎಂದು ನಮಗೆ ಈಗ ತೋರುತ್ತದೆ. ತೋರಿಸಿದಷ್ಟನ್ನು ಮಾತ್ರ ನೋಡಿ, ಬಡಿಸಿದಷ್ಟನ್ನು ಉಂಡು, ಏನನ್ನೂ ಕೇಳದೆ ಎದ್ದು ಬರುವುದರಲ್ಲಿದೆ. ವಿಯೆಲಿಚ್ಕದಲ್ಲಿ ನಮ್ಮ ಮನಸ್ಸು ಅಷ್ಟು ನಿರಾಳವಾಗಿದ್ದುದಕ್ಕೆ ಕಾರಣವೂ ಈಗ ಹೊಳೆಯುತ್ತದೆ. ಅಲ್ಲಿ ಕೆಲಸಗಾರರೇ ತಮಗೆ ಬೇಕಾದುದನ್ನು ಗೋಡೆಯಲ್ಲಿ ಕೆತ್ತಿಟ್ಟು, ಬಂದವರು ಇದನ್ನು ನೋಡಲಿ ಎಂದು ಹೋಗಿದ್ದಾರೆ. ಅವರ ಕೆತ್ತನೆಯನ್ನು ನೋಡುವಾಗ ನಾವು ಅತಿಥಿಗಳು, ಇಣುಕುವವರಲ್ಲ. ಇಷ್ಟರಿಂದಲೇ ಸಮಾಧಾನಪಡೋಣವೆಂದರೆ, ಊರಿಗೆ ಬಂದು ಓದುವಾಗ ಮತ್ತೊಂದು ಸಂಗತಿ ಸಿಕ್ಕಿತು. ೧೯೪೪ರ ವಸಂತದಲ್ಲಿ, ನಾಜಿಗಳು ಆ ದೇಶವನ್ನು ಆಕ್ರಮಿಸಿಕೊಂಡಿದ್ದಾಗ, ಪ್ಲಾಶೋವ್ ಮತ್ತು ಮಿಯೆಲೆಟ್ಸ್ ಸೆರೆಶಿಬಿರಗಳಿಂದ ಸಾವಿರಾರು ಯಹೂದಿಗಳನ್ನು ತಂದು ಇದೇ ಉಪ್ಪಿನ ಗಣಿಯೊಳಗೆ ಯುದ್ಧಸಾಮಗ್ರಿಯ ಕಾರ್ಖಾನೆಗಾಗಿ ದುಡಿಸಿದರು. ಅವರು ಯಾವ ಗೋಡೆಯಲ್ಲಿಯೂ ತಮ್ಮ ಪಂಕ್ತಿಯನ್ನು ಕೆತ್ತಲಿಲ್ಲ. ನಾವು ನಡೆದು ಬಂದ ಹಾದಿಯಲ್ಲಿ ಅವರ ಮಾತು ನಮ್ಮ ಕಿವಿಗೆ ಬೀಳಲಿಲ್ಲ. ಆ ದಿನ ಹೇಳಿದ್ದರೂ ಕಡುಬಿನ ಯೋಚನೆಯಲ್ಲಿದ್ದ ನಾವು ಕೇಳಿಸಿಕೊಳ್ಳದೆ ಹೋಗಿರಬಹುದು. ಕೆತ್ತಿದವರಿದ್ದೆಡೆ ನೋಡಿದರೆ ಸಾಕು, ಕೆತ್ತದವರಿದ್ದೆಡೆ ಕೇಳಲೇಬೇಕು. ಕೋಲಾರದ ಆಳದಲ್ಲಿ ನಮ್ಮ ತಾತನಂಥವರು ಏನನ್ನಾದರೂ ಗೀಚಿಟ್ಟಿದ್ದರೂ ಅದೀಗ ನೀರಿನಲ್ಲಿದೆ.

ಅದಕ್ಕೆಂದೇ ಈ ಅರ್ಧವಾರ್ಷಿಕ ಪರೀಕ್ಷೆಯ ಬಳಿಕ ಐದನೆಯ ತರಗತಿಯ ಮಕ್ಕಳನ್ನು ಕೋಲಾರದ ಚಿನ್ನದ ಗಣಿಯ ಊರಿಗೆ ಕರೆದೊಯ್ಯಲು ನಿಶ್ಚಯಿಸಿದ್ದೇವೆ. ಗಡಿ ದಾಟಿ ಬೇರೆ ರಾಜ್ಯಕ್ಕೆ ಹೋಗುವುದರಿಂದ ಅಪ್ಪಣೆಗೆ ಬರೆದುಕೊಂಡಿದ್ದೇವೆ. ಕನ್ನಡ ಓದುವ ಮಕ್ಕಳು ಕನ್ನಡನಾಡಿಗೆ ಹೋಗುವುದು ಹೊರನಾಡಿನ ಪ್ರವಾಸವೆನಿಸುವುದು ನಮ್ಮ ಸೀಮೆಯ ವಿನೋದ. ಗಣಿಯೊಳಗೆ ಇಳಿಯುವಂತಿಲ್ಲ, ದಿಬ್ಬಗಳ ಬಳಿಗೂ ಮಕ್ಕಳನ್ನು ಬಿಡುವುದಿಲ್ಲ, ಆ ಪುಡಿ ಒಳ್ಳೆಯದಲ್ಲ. ಗಣಿಬಾಯಿಯ ಮೇಲಿನ ಉಕ್ಕಿನ ಗೋಪುರಗಳನ್ನು ದೂರದಿಂದ ತೋರಿಸಿ, ಕೆಳಗಿಳಿದು ಕೆಲಸ ಮಾಡಿದ ಹಿರಿಯರೊಡನೆ ಮಕ್ಕಳನ್ನು ಒಂದು ಗಂಟೆ ಕೂರಿಸಬೇಕೆಂದಿದೆ. ಅಂಥವರು ಅಲ್ಲಿಯ ಕಾಲೊನಿಗಳಲ್ಲಿ ಇನ್ನೂ ಇದ್ದಾರೆ. ಅವರು ಹೆಚ್ಚಾಗಿ ತಮಿಳಿನಲ್ಲಿ ಮಾತಾಡುವರು, ನಮ್ಮ ಮಕ್ಕಳಿಗೆ ಅದು ತೊಡಕಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಮಕ್ಕಳೇ ಬರೆದಿದ್ದಾರೆ. ಮೊದಲನೆಯದು ಹಿಂದಿನ ಸಾಲಿನ ಆ ಹುಡುಗಿಯದು. ಮಧ್ಯಾಹ್ನದ ಊಟದ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ. ಮನೆಯಿಂದ ಚಿತ್ರಾನ್ನದ ಬುತ್ತಿ ಕಟ್ಟಿಸಿಕೊಂಡು ಹೋಗಿ ಆ ಹಿರಿಯರನ್ನೂ ಕೂರಿಸಿಕೊಂಡು ಉಣ್ಣೋಣವೆಂದು ನಾವು. ಬಂಗಾರಪೇಟೆಯ ಪಾನಿಪುರಿ ತಿನ್ನದೆ ಹಿಂದಿರುಗುವುದಿಲ್ಲವೆಂದು ಮಕ್ಕಳು.